ತಾನಾಗಿ ಕೊಟ್ಟವಳು

ಹಿಟ್ಟಿನೊಳಗಿನ ಗಂಟು ಇನ್ನೂ ಒಡೆದಿಲ್ಲ, ಕವೆಗೋಲನ್ನು ಪಾದದಿಂದ ಒತ್ತಿ ಹಿಡಿದು ಮಾಯಮ್ಮ ದೊಣ್ಣೆಯನ್ನು ಇನ್ನೊಂದು ಸುತ್ತು ತಿರುಗಿಸಿದಳು, ರಾಗಿಯ ಹಬೆ ಮುಖಕ್ಕೆ ಬಡಿಯಿತು, ಬಡಿಯಲಿ — ಪಡಸಾಲೆಯಲ್ಲಿ ಬಾವುಟ ಸುತ್ತಿಕೊಂಡು ಕೂತಿರುವ ಅಷ್ಟೂ ಗಂಡಸರಿಗೆ ಈ ಒಂದು ತಪ್ಪಲೆ ಎಲ್ಲಿಗೆ ಸಾಕು, ಅತ್ತ ಅವರೆಕಾಳಿನ ಸಾರು ತಳ ಹಿಡಿಯುತ್ತಿದೆ, ಸೌಟು ಆಡಿಸು ಅನ್ನೋಣವೆಂದರೆ ಮಗಳು ಸುನಿತಾ ಒಳಕೋಣೆಯಲ್ಲಿ ಹಸಿ ಬಾಣಂತಿ, ಕಿವಿಗೆ ಹತ್ತಿ ಇಟ್ಟುಕೊಂಡು ಕೂಸಿನ ಪಕ್ಕ ಮಲಗಿದ್ದಾಳೆ, ಪಡಸಾಲೆಯಿಂದ ನಿಂಗರಾಜುವಿನ ಗಂಟಲು, ಎಷ್ಟು ವರ್ಷದಿಂದಲೋ ಇವರ ಹಿಂದೆ ಬ್ಯಾಗು ಹಿಡಿದು ತಿರುಗುತ್ತಿರುವವನ ಗಂಟಲು, ಅಕ್ಕೋ, ಇಟ್ಟು ಆಯ್ತಾ, ಐಕ್ಳು ಅಸ್ಕಂಡವ್ರೆ, ಅಸ್ಕಂಡವರ ಕೈಲಿ ಓಟು ಬೀಳಾಕಿಲ್ಲ ಕಣಕ್ಕ, ಎಲ್ಲರೂ ನಗುತ್ತಾರೆ, ನಗಲಿ. ಇವರು ಅಂದರೆ ಗಂಡ, ಕ್ಯಾಪ್ಟನ್ ಚಿಕ್ಕಸ್ವಾಮಿ, ಬಾಯಲ್ಲಿ ಇವರು, ಮನಸ್ಸಿನೊಳಗೆ ಅವನು, ಮನಸ್ಸಿನೊಳಗೆ ಬಹುವಚನ ಸತ್ತು ಯಾವ ಕಾಲವಾಯಿತು. ಮೊದಲು ಲಾಯರ್ ಚಿಕ್ಕಸ್ವಾಮಿ, ಶ್ರೀರಂಗಪಟ್ಟಣದ ಕೋರ್ಟಿಗೆ ಸೈಕಲ್ಲಿನಲ್ಲಿ ಹೋಗಿ ಬದುವಿನ ತಕರಾರು ವಾದಿಸಿ ಬರುವಾಗ ಗಂಜಾಮಿನಿಂದ ಅಂಜೂರ ಕಟ್ಟಿಸಿಕೊಂಡು ಬರುತ್ತಿದ್ದ, ಆಗ ಒಳ್ಳೆಯವನಿದ್ದ, ಆಮೇಲೆ ಚೀನಾದವರು ಬಂದರು, ಇವನು ಕರಿ ಕೋಟು ಬಿಚ್ಚಿ ಮಿಲಿಟರಿ ಸೇರಿದ, ಕ್ಯಾಪ್ಟನ್ ಆಗಿ ತಿರುಗಿ ಬಂದವನಿಗೆ ಬದುವಿನ ತಕರಾರು ಸಣ್ಣದಾಗಿ ಕಂಡಿತು, ಮೈಕು ಬೇಕಾಯಿತು, ಕೆ.ಆರ್. ಪೇಟೆಯಲ್ಲಿ ನಿಂತು ಸೋತ, ನಾಗಮಂಗಲದಲ್ಲಿ ನಿಂತು ಗೆದ್ದ, ಮುಂದಿನ ಸಲ ಅಲ್ಲೇ ಠೇವಣಿ ಕಳೆದುಕೊಂಡ, ತಾಲ್ಲೂಕಿಗೊಂದು ಬಣ್ಣದ ಬಾವುಟ, ಈಗ ತೊಂಬತ್ತನಾಲ್ಕರಲ್ಲಿ ಇದೇ ಕೊನೆ ಅಂತ ಸ್ವಂತ ಊರು ಪಾಂಡವಪುರದಲ್ಲಿ ನಿಂತಿದ್ದಾನೆ — ಬಾವುಟ ಯಾವುದಾದರೇನು, ಭಾಷಣ ಒಂದೇ. ಮಹಾಜನಗಳೇ, ದೊಡ್ಡವನು ನಾನಲ್ಲ, ನನ್ನ ಮನೆಯವಳು, ದೇಶಕ್ಕೆ ಕಷ್ಟ ಬಂದಾಗ ಹಸಿ ಬಾಣಂತಿ, ತಾನಾಗಿ, ನಗುನಗುತ್ತಾ, ತಾಯಿಯ ಬಳೆ ಬಿಚ್ಚಿ ನನ್ನ ಕೈಗಿಟ್ಟಳು — ಅಲ್ಲಿಗೆ ನಿಲ್ಲಿಸುತ್ತಾನೆ, ಕನ್ನಡಕ ತೆಗೆದು ಒರೆಸುತ್ತಾನೆ, ಚಪ್ಪಾಳೆ. ಮೊನ್ನೆ ಮೇಲುಕೋಟೆಯಲ್ಲಿ ಒಬ್ಬ ಮುದುಕಿ ವೇದಿಕೆ ಹತ್ತಿ ಬಂದು ಮಾಯಮ್ಮನ ಕಾಲಿಗೇ ಬಿದ್ದಳು, ನಿನ್ನಂತೋಳು ಊರಿಗೊಬ್ಳಿದ್ರೆ ಸಾಕು ಕಣ್ತಾಯಿ, ಆ ಎಣ್ಣೆ ಕಾಣದ ತಲೆಯ ಮೇಲೆ ಕೈ ಇಡಲೂ ಆಗದೆ ಮಾಯಮ್ಮ ಕಲ್ಲಿನ ಹಾಗೆ ಕೂತಿದ್ದಳು, ಪಕ್ಕದಲ್ಲಿ ಅವನು ಕೈ ಮುಗಿದುಕೊಂಡು ನಿಂತಿದ್ದ, ಅವನಿಗೆ ಈಗ ಅದು ಸುಳ್ಳು ಅನ್ನುವುದೇ ಮರೆತುಹೋಗಿದೆ.

ತಾನಾಗಿ, ನಗುನಗುತ್ತಾ — ದೊಣ್ಣೆ ತಪ್ಪಲೆಯ ತಳಕ್ಕೆ ಹೊಡೆಯಿತು. ಚೀನಾ ಯುದ್ಧದ ಆ ವರ್ಷ, ತೊಣ್ಣೂರಿನ ತವರಿನಲ್ಲಿ ತಾಯಿ ಇಲ್ಲ, ಬಾಣಂತನ ಮಾಡುವವರಿಲ್ಲ, ಹಾಗಾಗಿ ಇದೇ ಮನೆಯ ಇದೇ ಒಳಕೋಣೆಯಲ್ಲಿ ಮೊದಲ ಮಗ ಶಂಕರನನ್ನು ಹೆತ್ತು ಮಲಗಿದ್ದಳು, ಮೈಕೈಯೆಲ್ಲ ಬಾತುಕೊಂಡಿತ್ತು, ಕೈಯಲ್ಲಿ ಬಸುರಿಗೆ ತೊಡಿಸಿದ ಹಸಿರು ಗಾಜಿನ ಬಳೆಗಳು, ಅವುಗಳ ಹಿಂದೆ ಒಂದೊಂದು ಚಿನ್ನದ ಬಳೆ, ಅವ್ವ ಅಂತ ಭೂಮಿಯ ಮೇಲೆ ಉಳಿದಿದ್ದು ಅಷ್ಟೇ. ಸಂತೆ ಮೈದಾನದಲ್ಲಿ ರಕ್ಷಣಾ ನಿಧಿಯ ಸಭೆ, ಲಾಯರ್ ಚಿಕ್ಕಸ್ವಾಮಿಯ ಭಾಷಣ, ಗುಂಪಿನಿಂದ ಯಾರೋ ಕೂಗಿದರಂತೆ, ನಮ್ ಎಂಗಸ್ರ ಓಲೆ ಕೇಳ್ತೀಯಲ್ಲ ಲಾಯ್ರಪ್ಪ, ನಿನ್ ಮನೆಯಿಂದೇನ್ ತಂದೆ — ಅಷ್ಟು ಸಾಕಾಯಿತು, ಅಲ್ಲಿಂದ ಸೈಕಲ್ಲು ಹತ್ತಿ ನೇರ ಮನೆಗೆ, ಚಪ್ಪಲಿ ಬಿಡದೆ ಬಾಣಂತಿ ಕೋಣೆಗೆ, ಹಿಂದೆಯೇ ಹತ್ತಾರು ಜನ ಬಂದು ಬಾಗಿಲಲ್ಲಿ ನಿಂತರು, ಕೊಡು ಅಂದ. ಬಾಣಂತಿ ಕೈ ಬರಿದು ಮಾಡಬಾರ್ದು ಕಣ್ರೀ ಅಂದಳು, ಊದ್ಕಂಡದೆ, ಬರಾಕಿಲ್ಲ ಅಂದಳು, ಅವನು ಬೇಡಲಿಲ್ಲ, ಬೈಯಲೂ ಇಲ್ಲ, ಅತ್ತೆ ದ್ಯಾವಮ್ಮನಿಗೆ ಹೇಳಿ ಕಂಚಿನ ಬಟ್ಟಲಲ್ಲಿ ಅಂಟುವಾಳ ಕಿವುಚಿಸಿದ, ಅತ್ತೆ ಮೊಣಕೈ ಹಿಡಿದಳು, ಅವನು ಅವಳ ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ ಒತ್ತಿದ, ಬಳೆಗಾರ ಮಡಿಸುವ ಹಾಗೆಯೇ, ಆದರೆ ಬಳೆಗಾರ ನೋಯ್ತದೇನವ್ವ ಅಂತ ಕೇಳುತ್ತಾನೆ, ಇವನ ಕಿವಿ ಬಾಗಿಲಲ್ಲಿದ್ದ ಜನರ ಕಡೆಗಿತ್ತು, ಗಾಜು ಪಟಪಟನೆ ಮುರಿದು ಬಟ್ಟಲಿಗೆ ಬಿತ್ತು, ನೊರೆ, ನೊರೆಯೊಳಗೆ ಹಸಿರು ಗಾಜು, ಆಮೇಲೆ ನೊರೆಯೂ ಕೆಂಪಾಯಿತು. ಚಿನ್ನ ಬಂತು, ಅವನು ಹೋದ, ಹೊರಗೆ ಜೈಕಾರ. ಅತ್ತೆ ಬಟ್ಟಲನ್ನೇ ನೋಡುತ್ತಾ ನಿಂತಳು, ಬಳೆ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು, ಆವತ್ತು ಅತ್ತೆಯ ಬಾಯಿಗೆ ಆ ಮಾತೂ ಬರಲಿಲ್ಲ. ಗಂಡ ಸತ್ತ ಮೇಲೆ ಒಡೆಯುವುದನ್ನು ಗಂಡನೇ ಒಡೆದು ಯುದ್ಧಕ್ಕೆ ಹೋದ, ಆ ಜೈಕಾರದ ರುಚಿ ಹತ್ತಿಯೇ ಹೋದ, ಅವನಿಂದ ಕಾಗದ ಬಾರದ ತಿಂಗಳಲ್ಲೆಲ್ಲ ಅತ್ತೆ ಇವಳು ಬಡಿಸಿದ್ದನ್ನು ಮುಟ್ಟುತ್ತಿರಲಿಲ್ಲ, ಬಳೆ ಒಡ್ಕಂಡ ಕೈ ಕಣೇ ಅದು, ನನ್ ಮಗ ತಿರುಗಿ ಬಂದ್ಮೇಲೆ ಉಣ್ತೀನಿ — ಮೊಣಕೈ ಹಿಡಿದವಳು ಹೇಳುವ ಮಾತು. ತಿರುಗಿ ಬಂದ, ಎಡಗಾಲಿನ ಎರಡು ಬೆರಳನ್ನು ಹಿಮಕ್ಕೆ ಕೊಟ್ಟು ಬಂದ, ಅದು ನಿಜ, ಅವಳೇ ಎಣ್ಣೆ ಹಚ್ಚಿ ನೀವಿದ್ದಾಳೆ, ಆದರೆ ಅದನ್ನು ಮಾತ್ರ ಒಂದು ಸಭೆಯಲ್ಲೂ ಹೇಳಿಲ್ಲ, ಗುಂಡೇಟಲ್ಲವಲ್ಲ, ಒದ್ದೆ ಕಾಲುಚೀಲ ಬದಲಾಯಿಸದೆ ಮಲಗಿ ಕಳೆದುಕೊಂಡ ಬೆರಳು, ನಾಚಿಕೆ, ಬೇಸಿಗೆಯಲ್ಲೂ ಕಾಲುಚೀಲ ಹಾಕಿಕೊಂಡೇ ತಿರುಗುತ್ತಾನೆ — ತನ್ನ ಗಾಯಕ್ಕೆ ಕಾಲುಚೀಲ, ಹೆಂಡತಿಯ ಗಾಯಕ್ಕೆ ಮೈಕು.

ಒದ್ದೆ ಕೈಯಲ್ಲಿ ಹಿಟ್ಟನ್ನು ಉಂಡೆ ಕಟ್ಟುತ್ತಿದ್ದಾಳೆ, ಅಂಗೈ ಸುಡುತ್ತದೆ, ಪಡಸಾಲೆಯ ಮಾತು ಒಳಗೆ ಬರುತ್ತಲೇ ಇದೆ, ಈ ಸಲ ಗೋಡೆ ಮೇಲೆ ಬರಿಯಂಗಿಲ್ಲ, ಕಟೌಟು ನಿಲ್ಸಂಗಿಲ್ಲ, ಜನರ ಕಣ್ಣಿಗೆ ಏನಾರ ಕಾಣ್ಬೇಕಲ್ಲಣ್ಣ, ಇದು ನಿಂಗರಾಜು, ಸಾಯಂಕಾಲ ಸಂತೆ ಮೈದಾನದಾಗೆ ಸುನಿತವ್ವನ ಕೂಸಿನ ಸಮೇತ ಕೂರ್ಸುಬುಡಿ, ಸತ್ತ ಸಿಪಾಯಿಗಳ ಮನೆಯೋರಿಗೆ ಅಂತ ಕೈ ಬಳೆ ಬಿಚ್ಚಿಕೊಡ್ಲಿ, ತಾಯಿಯಂಗೆ ಮಗಳು ಅಂತ ನಾನೇ ಕೂಗ್ತೀನಿ, ಎಂಗಸ್ರ ಓಟು ಒಂದೂ ಆಚೆಗೋಗಾಕಿಲ್ಲ — ಕುರ್ಚಿ ಸರಿದ ಸದ್ದು, ಅವನ ಕುಂಟುವ ಹೆಜ್ಜೆ ಒಳಕೋಣೆಯ ಕಡೆಗೆ ಹೋಯಿತು. ಆಮೇಲೆ ಸುನಿತಾಳ ದನಿ, ಬ್ಯಾಡ ಕಣಪ್ಪ, ಕೈ ಊದ್ಕಂಡದೆ, ನೋಯ್ತದೆ. ಕಟ್ಟುತ್ತಿದ್ದ ಮುದ್ದೆ ಕೈ ಜಾರಿ ಮತ್ತೆ ತಪ್ಪಲೆಗೆ ಬಿತ್ತು, ಮಾಯಮ್ಮ ರಾಗಿ ಮೆತ್ತಿದ ಕೈಯಲ್ಲೇ ಬಾಗಿಲಿಗೆ ಬಂದಳು, ಅವನು ಮಂಚದ ಅಂಚಿನಲ್ಲಿ ಕೂತಿದ್ದಾನೆ, ಮಗಳ ಕೈ ಅವನ ತೊಡೆಯ ಮೇಲಿದೆ, ಆವತ್ತಿನ ಹಾಗೆಯೇ ಹೆಬ್ಬೆರಳು ಒಳಕ್ಕೆ ಮಡಚಿದೆ, ಹೆಂಡತಿಯತ್ತ ನೋಡದೆಯೇ ಅಂದ, ಒಂಚೂರು ಸೋಪು ಕಲಸ್ಕಂಡು ಬಾರೇ, ಈಗ್ಲೇ ಸಡ್ಲ ಮಾಡಿಟ್ಟಿದ್ರೆ ಸಾಯಂಕಾಲ ಸಲೀಸು. ನೊರೆ, ನೊರೆಯೊಳಗೆ ಹಸಿರು. ಕೂಗಬೇಕು ಅನ್ನಿಸಿತು, ಆ ತಪ್ಪಲೆಯನ್ನು ಎತ್ತಿ ಅವನ ತೊಡೆಯ ಮೇಲೆ ಬೋರಲು ಹಾಕಬೇಕು ಅನ್ನಿಸಿತು, ಬಾಯಿಂದ ಬಂದದ್ದು ತಣ್ಣಗಿನ ಮಾತು, ಬುಡಿ ಅವಳ ಕೈಯ, ಹಸಿ ಬಾಣಂತೀನ ಗಾಳಿಗೆ ಕೂರ್ಸಿದ್ರೆ ಓಟು ಆಕೋ ಎಂಗಸ್ರೇ ಉಗೀತಾರೆ, ನಾನ್ ಬತ್ತೀನಿ, ನಾನೇ ಮಾತಾಡ್ತೀನಿ. ನೀನಾ, ಅಂದ, ಇಷ್ಟು ವರ್ಸ ಕೈ ಮುಗ್ದು ಕೇಳ್ಕಂಡ್ರೂ ಮೈಕ್ ಮುಂದೆ ಬಾಯೇ ಬುಡ್ನಿಲ್ಲ ನೀನು. ಇವತ್ತು ಬುಡ್ತೀನಿ, ಬಳೆ ಇಚಾರ ತಾನೆ, ನಂಗಿಂತ ಚೆನ್ನಾಗ್ ಯಾರು ಯೋಳಾರು. ಅವನ ಮುಖ ಎಷ್ಟು ಅರಳಿತು ಅಂದರೆ, ಅಂಜೂರ ತರುತ್ತಿದ್ದ ಲಾಯರನ ಮುಖ ಒಂದು ಗಳಿಗೆ ಅಲ್ಲಿ ಕಂಡುಹೋಯಿತು, ಕಂಡದ್ದಕ್ಕೆ ಇನ್ನೂ ಸಿಟ್ಟು ಬಂತು. ಲೇ ನಿಂಗರಾಜು, ನಿಮ್ಮಕ್ಕನೇ ಮಾತಾಡ್ತಾಳಂತೆ ಕಣ್ಲಾ. ಗೆದ್ದಂಗೇ ಬುಡಣ್ಣ, ಪಡಸಾಲೆಯೆಲ್ಲ ಶಿಳ್ಳೆ. ಅವನು ಹೋದ ಮೇಲೆ ಸುನಿತಾ ಮಣಿಕಟ್ಟು ಉಜ್ಜಿಕೊಳ್ಳುತ್ತಾ ಕೇಳಿದಳು, ಏನ್ ಮಾತಾಡೀಯವ್ವ. ಏನಿಲ್ಲ ಮಗ, ಮನಿಕ್ಕೋ. ಮಗಳಿಗೂ ಹೇಳಲಿಲ್ಲ. ಮತ್ತೆ ಒಲೆಯ ಮುಂದೆ, ಆರುತ್ತಿದ್ದ ಹಿಟ್ಟಿನ ಮುಂದೆ, ಎಲ್ಲಿಂದ ಶುರು ಮಾಡುವುದು, ನಡೆದದ್ದು ನಡೆದ ಹಾಗೆ, ಒಂದನ್ನೂ ಬಿಡದೆ, ಚಪ್ಪಲಿ ಬಿಡದೆ ಬಂದದ್ದು, ಅತ್ತೆ ಹಿಡಿದ ಮೊಣಕೈ, ಮಡಚಿದ ಹೆಬ್ಬೆರಳು, ಅದೇ ಮೈದಾನ, ಅವನು ಕನ್ನಡಕ ಒರೆಸಲು ತೆಗೆದಿರುತ್ತಾನೆ, ಅವನಿಗೆ ಜನರ ಮುಖ ಮಸಕಾಗಿರುತ್ತದೆ, ತನಗೆ ಎಲ್ಲ ಕಾಣುತ್ತದೆ, ಮಹಾಜನಗಳೇ ಅನ್ನುವುದಿಲ್ಲ, ಅವ್ವಂದಿರಾ ಅನ್ನಬೇಕು, ಅವ್ವಂದಿರಾ, ಒಂದು ಕಂಚಿನ ಬಟ್ಟಲಿತ್ತು, ಬಟ್ಟಲಲ್ಲಿ ನೊರೆ, ನೊರೆಯೊಳಗೆ ಹಸಿರು ಗಾಜು, ನೊರೆಯೊಳಗೆ —