ನಾಮದ ಕೋಳಿಯ ಫ್ಯಾಮಿಲಿ ಗ್ರೂಪ್

೧

ಆನಂದಪ್ಪನ ಹತ್ತಿರ ದೂರದ ಹಕ್ಕಿಯನ್ನು ಹತ್ತಿರಕ್ಕೆ ಎಳೆಯುವ ಲೆನ್ಸ್ ಇರಲಿಲ್ಲ.

(ಹೀಗೆ ಶುರು ಮಾಡಬಹುದೇ? ಮೊದಲ ಡ್ರಾಫ್ಟಿನಲ್ಲಿ ಹೆಬ್ಬಾಳ ಕೆರೆಯ ಮೇಲೆ ಹನ್ನೆರಡು ಸಾಲು ಸೂರ್ಯ ಹುಟ್ಟುತ್ತಿದ್ದ. ಓದಿದರೆ ನನಗೇ ಆಕಳಿಕೆ. ಹೊಡೆದುಹಾಕಿದೆ. ನಮ್ಮ ಹಾಸ್ಟೆಲ್ ಲೈಬ್ರರಿಯ ಕಥೆಗಳಲ್ಲಿ ಹಕ್ಕಿ ಬಂತೆಂದರೆ ಯಾರಿಗೋ ವಿರಹ ಎಂದು ಅರ್ಥ. ಇಲ್ಲಿ ಹಕ್ಕಿ ಅಂದರೆ ಹಕ್ಕಿ.)

೨

ಇದ್ದದ್ದು ಗಂಗಾನಗರದ ಸ್ಟುಡಿಯೋದ ಮರದ ಕ್ಯಾಮರಾ, ಮೂರು ಕಾಲಿನ ಸ್ಟ್ಯಾಂಡು, ತಲೆಗೆ ಹೊದ್ದುಕೊಳ್ಳುವ ಕರಿ ಬಟ್ಟೆ. ಅವೂ ಅವನವಲ್ಲ, ಓನರ್ ವೆಂಕಟರಾಮಯ್ಯನವರವು. ಅವನು ತೆಗೆದ ಮದುವೆ, ನಾಮಕರಣ, ಹೆಣ, ಎಲ್ಲದರ ಕೆಳಗೂ ಬೀಳುತ್ತಿದ್ದದ್ದು ಅವರ ಸೀಲು. ೧೯೬೩ರ ಮಳೆಗಾಲದಲ್ಲಿ ಪೇಟೆಯಲ್ಲೊಂದು ಫೋಟೋ ಪ್ರದರ್ಶನ ಏರ್ಪಾಟಾಯಿತು. ವಿಷಯ: 'ತಾಯಿ ಮತ್ತು ಮಕ್ಕಳು'. ಆಯ್ಕೆಯಾದ ಚಿತ್ರದ ಕೆಳಗೆ ತೆಗೆದವನ ಹೆಸರು ಹಾಕುತ್ತಾರಂತೆ. ಆನಂದಪ್ಪನಿಗೆ ಬೇಕಿದ್ದದ್ದು ಅಷ್ಟೇ.

ಬೇರೆ ಸ್ಟುಡಿಯೋದವರು ರೇಷ್ಮೆ ಸೀರೆಯ ತಾಯಂದಿರನ್ನು ಕೂರಿಸುತ್ತಿದ್ದಾಗ ಕೆಂಪಾಪುರದ ಆನಂದಪ್ಪನಿಗೆ ಹೊಳೆದದ್ದು ನಾಮದ ಕೋಳಿ. ಕೆರೆಯ ಜೊಂಡಿನಲ್ಲಿ ಗೂಡು ಕಟ್ಟುವ ಕಪ್ಪು ನೀರುಹಕ್ಕಿ. ಹಣೆಯ ಮೇಲೆ ಬಿಳಿ ನಾಮ. ಅದನ್ನು ನೋಡಿಯೇ ಜನ ಹಕ್ಕಿಯನ್ನು ಗುರುತಿಸುವುದು. ಐದು ಮರಿ ಮಾಡಿತ್ತು.

೩

(ಇಲ್ಲೊಂದು ಮೊಸಳೆ ತರೋಣ ಎಂದುಕೊಂಡಿದ್ದೆ, ರೋಚಕವಾಗಿರಲಿ ಎಂದು. ಆನಂದಪ್ಪ ತಕರಾರು ತೆಗೆದ.

"ಸ್ವಾಮಿ, ನಮ್ ಕೆರೇಲಿ ಎಮ್ಮೆ ಬಿಟ್ರೆ ದೊಡ್ಡ ಪ್ರಾಣಿ ಇಲ್ಲ. ಇಂಗೆಲ್ಲ ಬರದ್ರೆ ನಿಮ್ ಕತೆಗೆ ನಾನ್ ಬರಾಕಿಲ್ಲ."

"ಎಮ್ಮೆ ಸಾಕು ಬಿಡಪ್ಪಾ," ಅಂದೆ.)

ಲೆನ್ಸ್ ಇಲ್ಲದವನು ತಾನೇ ಹತ್ತಿರ ಹೋಗಬೇಕಲ್ಲ. ತೊಡೆಮಟ್ಟದ ನೀರಿನಲ್ಲಿ ಸ್ಟ್ಯಾಂಡ್ ನೆಟ್ಟ. ಕರಿ ಬಟ್ಟೆ ಹೊದ್ದು ಬಗ್ಗಿ ನಿಂತ. ನಾಮದ ಕೋಳಿಯ ಕಣ್ಣಿಗೆ ಅದು ನೀರಿಗಿಳಿದ ಇನ್ನೊಂದು ಎಮ್ಮೆ. ಮರಿಗಳನ್ನು ಸಾಲಾಗಿ ಹಿಂದಿಟ್ಟುಕೊಂಡು ಎದುರಿಗೇ ಈಜಿಕೊಂಡು ಬಂತು. ಚಿತ್ರ ಹಿಡಿಯುವ ಗಾಜಿನ ಪ್ಲೇಟ್ ಇದ್ದದ್ದು ಒಂದೇ. ಉಸಿರು ಬಿಗಿಹಿಡಿದಿದ್ದ ಆನಂದಪ್ಪನ ಬಾಯಿಂದ ಸ್ಟುಡಿಯೋದ ಅಭ್ಯಾಸ ಹೊರಬಿದ್ದೇಬಿಟ್ಟಿತು:

"ಎಲ್ರೂ ಇಲ್ನೋಡಿ... ಅಲ್ಲಾಡ್ಬೇಡಿ..."

ಎಮ್ಮೆ ಮಾತಾಡಿದ್ದು ಕೇಳಿ ಹಕ್ಕಿ ದಂಗಾಗಿ ನಿಂತಿತು. ಅವನು ಕ್ಯಾಮರಾದ ರಬ್ಬರ್ ಉಂಡೆ ಒತ್ತಿ ಫೋಟೋ ಹೊಡೆದ.

ಬಿಳಿ ಕಪ್ಪಾಗಿ, ಕಪ್ಪು ಬಿಳಿಯಾಗಿ ಕಾಣುವ ಆ ಪ್ಲೇಟ್ ತೊಳೆದಾಗ ತಾಯಿ ಚೆನ್ನಾಗಿ ಬಿದ್ದಿದ್ದಳು. ಮರಿಗಳು ಕಡಲೆಕಾಳಿನಷ್ಟು, ಆದರೂ ಐದಕ್ಕೆ ಐದೂ ಇದ್ದವು. ಮದುವೆಯ ಪ್ಲೇಟುಗಳ ಜೊತೆ ಒಣಗಲು ಇಟ್ಟು ಊಟಕ್ಕೆ ಹೋದ.

೪

ಕಥೆ ಇಲ್ಲೇ ಮುಗಿಯಬಹುದಿತ್ತು. ಆದರೆ ಸ್ಟುಡಿಯೋಗೆ ಬದರುನ್ನೀಸಾ ಬಂದರು.

ಟಚಪ್ ಕೆಲಸ ಅವರದು. ಆನಂದಪ್ಪನಿಗೆ ಅವರು ಆಪಾ, ಅಂದರೆ ಅಕ್ಕ. ಸಿಡುಬಿನ ಕಲೆ ತುಂಬಿದ ಮದುವಣಗಿತ್ತಿಯ ಮುಖ ಅವರ ಕೈ ದಾಟಿ ಬಂದರೆ ಬೆಣ್ಣೆ. ಎಷ್ಟೋ ಮದುವೆಗಳು ಆ ಪೆನ್ಸಿಲಿನಿಂದಲೇ ನಡೆದಿದ್ದವು. ಒಣಗಲು ಇಟ್ಟಿದ್ದ ಪ್ಲೇಟುಗಳನ್ನೆಲ್ಲ ಅವರು ಒಂದೂ ಬಿಡದೆ ಟಚಪ್ ಮಾಡಿದರು.

"ಅಯ್ಯೋ ಆಪಾ, ಇದೇನ್ ಮಾಡಿದ್ರಿ!" ಊಟ ಮುಗಿಸಿ ಬಂದ ಆನಂದಪ್ಪ ಕೂಗಿದ.

"ಅರೆ, ಏನ್ ಮಾಡ್ದೆ? ನೀರ್ ಮೇಲೆ ಐದು ಚುಕ್ಕೆ ಬಿದ್ದಿತ್ತು, ಪೆನ್ಸಿಲ್ ತುಂಬ್ದೆ. ಕೋಳಿ ಹಣೆ ಮೇಲೆ ದೊಡ್ಡ ಕಲೆ, ಬ್ಲೇಡಲ್ಲಿ ಕೆರೆದೆ. ಈಗ ನೋಡು, ಗಂಡಿನ ಕಡೆಯೋರಿಗೂ ತೋರಿಸ್ಬೌದು."

"ಅವು ಮರಿಗಳು ಕಣಾಪಾ! ಅದು ನಾಮ!"

(ಆಕೆ ನನ್ನ ಕಡೆ ತಿರುಗಿದರು. "ಏನ್ರೀ ಬರೆಯೋರೇ, ನನ್ನನ್ನ ಪೆದ್ದಿ ಮಾಡ್ತಿದೀರಾ? ನಿಮ್ಮ ಸೂರ್ಯನ್ನ ಹನ್ನೆರಡು ಸಾಲು ಕೆರೆದು ಹಾಕಿದ್ದು ಯಾರು? ನೀವ್ ಮಾಡಿದ್ರೆ ಎಡಿಟಿಂಗು, ನಾನ್ ಮಾಡಿದ್ರೆ ತಪ್ಪಾ?" ನಾನು ಬೇಗ ಬೇಗ ೫ ಎಂದು ಅಂಕಿ ಹಾಕಿದೆ.)

೫

ಮುಕ್ತಾಯ ಒಂದು: ಪ್ಲೇಟ್ ಹೀಗಿದ್ದೂ ಮೊದಲ ಬಹುಮಾನ. (ಇದನ್ನು ಮೊದಲು ಓದುವ ನಮ್ಮ ಹಾಸ್ಟೆಲಿನ ಗೆಳೆಯರು ನನ್ನನ್ನು ಹೊಡೆಯುತ್ತಾರೆ.)

ಮುಕ್ತಾಯ ಎರಡು: ಆನಂದಪ್ಪ ಕೆರೆ ಏರಿಯ ಮೇಲೆ ಕೂತು ಅಳುತ್ತಾನೆ. ("ಸಂಜೆಯೊಳಗೆ ಫೋಟೋ ಕೊಡ್ಬೇಕು, ಅಳಾಕೆ ಟೈಮ್ ಎಲ್ಲೈತೆ ಸ್ವಾಮಿ?")

ನಡೆದದ್ದು ಮೂರನೆಯದು. ಬದರುನ್ನೀಸಾ ಟರ್ಪೆಂಟೈನ್ ಶೀಶೆ ತಂದರು. "ಪೆನ್ಸಿಲ್ ಬಿಡ್ತದೆ. ಕೆರೆದಿದ್ದು ಬರಲ್ಲ." ಹತ್ತಿಯಲ್ಲಿ ಮೆಲ್ಲಗೆ ಒರೆಸಿದರು. ಒಂದು ಮರಿ ಎದ್ದಿತು. ಇನ್ನೊಂದು. ಮತ್ತೊಂದು.

"ಕೊಡಿ ಇಲ್ಲಿ, ಬೇಗ ಆಗ್ಬೇಕು," ಎಂದು ಆನಂದಪ್ಪ ಹತ್ತಿ ಕಿತ್ತುಕೊಂಡು ಜೋರಾಗಿ ತಿಕ್ಕಿದ. ಪ್ಲೇಟಿನ ಮೇಲೆ ಚಿತ್ರ ಹಿಡಿದಿದ್ದ ಅರೆಹಸಿ ಪೊರೆ ಎದ್ದುಬಂತು, ಸಾಲಿನ ಕೊನೆಯ ಮರಿಗಳೆರಡನ್ನೂ ಹತ್ತಿಗೆ ಅಂಟಿಸಿಕೊಂಡು.

"ಈಗ ಹೇಳು, ಯಾರ್ ಪೆದ್ದು?" ಅಂದರು ಬದರುನ್ನೀಸಾ.

ಆನಂದಪ್ಪ ಹತ್ತಿ ನೋಡಿದ, ಪ್ಲೇಟ್ ನೋಡಿದ, ಆಮೇಲೆ ನಕ್ಕುಬಿಟ್ಟ. ಆ ಅಂಚನ್ನು ಬಿಟ್ಟು ಪ್ರಿಂಟ್ ಹಾಕಿದ್ದಾಯಿತು.

"ಹಕ್ಕಿ ಹೆಸ್ರು ಏನಂತ ಬರೀಲಿ ಆಪಾ? ನಾಮಾನೇ ಇಲ್ಲ."

"ನಾಮ ಇಲ್ಲ ಅಂದ್ರೆ ಬರೀ ಕೋಳಿ ಅಂತ ಬರಿ."

ಬರೆದ. ಕೆಳಗೆ 'ಆನಂದಪ್ಪ, ಕೆಂಪಾಪುರ' ಎಂದೂ ಬರೆದ. ಆಪಾ ಕಣ್ಣು ಬಿಟ್ಟು ನೋಡಿದರು. 'ಟಚಪ್: ಬದರುನ್ನೀಸಾ' ಎಂದು ಸೇರಿಸಿದ. ಸೈಕಲ್ ಹತ್ತಿದ.

೬

ಆಯ್ಕೆಯಾಯಿತೇ? ಗೊತ್ತಿಲ್ಲ. ಅವನ ಸೈಕಲ್ ಇನ್ನೂ ದಾರಿಯಲ್ಲಿದೆ. ಗಾಳಿ ಹಿಂದಿನಿಂದ ಬೀಸುತ್ತಿದೆ, ಅವನು ಸಿಳ್ಳೆ ಹಾಕುತ್ತಿದ್ದಾನೆ, ಅವನನ್ನು ಇಳಿಸಲು ನನಗೆ ಮನಸ್ಸಿಲ್ಲ. ನಿಮಗೆ ಅವಸರವಿದ್ದರೆ ನೀವೇ ಇಳಿಸಿಕೊಳ್ಳಿ.

ಈವರೆಗೆ ಅಳಿಸಿಹೋದದ್ದು: ಮರಿ ಎರಡು, ನಾಮ ಒಂದು, ಸೂರ್ಯ ಹನ್ನೆರಡು ಸಾಲು.