ಕೂರಲೊಲ್ಲದ ಟೀಚರ್

ಟೀಚರಾಗಲು ಓದುತ್ತಿದ್ದ ಯಶೋಧರಾ ಕುರ್ಚಿಯಲ್ಲಿ ಕೂತದ್ದನ್ನು ಸವಳಂಗ ರಸ್ತೆಯ ಆ ಬಿ.ಎಡ್. ಕಾಲೇಜಿನಲ್ಲಿ ಕಂಡವರಿರಲಿಲ್ಲ. ಭದ್ರಾವತಿಯ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ ಬರುವವಳು, ‘ಆಯ್ತಲ್ಲ, ಮುಂದೆ?’ ಎಂದು ಎದುರಿನವರ ಮಾತನ್ನೂ ಮುಂದಕ್ಕೆ ದಬ್ಬುವವಳು; ತಣ್ಣಗೆ ಕೊರೆಯುವ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು, ಸೀರೆಯ ಮೇಲೆ ಅಪ್ಪನ ಕಾರ್ಖಾನೆಯ ಖಾಕಿ ಕೋಟು ತೊಟ್ಟು, ದೇವರ ಕೋಣೆಗೆ ನುಗ್ಗಿದ ಕರುವಿನಂತೆ ಸುತ್ತುವವಳು. ಅಲ್ಲಿ ಕಲಿಸುತ್ತಿದ್ದ ಷಣ್ಮುಖಪ್ಪ ಮೇಷ್ಟ್ರಿಗೆ ಅವಳೆಂದರೆ ತಲೆನೋವು, ಅಕ್ಕರೆ ಎರಡೂ. ಈ ಹೊಸ ವಿದ್ಯೆಯಲ್ಲಿ ತಾವು ಶಿಷ್ಯರಿಗಿಂತ ಒಂದೇ ಪಾಠ ಮುಂದಿದ್ದೇವೆಂಬ ಗುಟ್ಟು ಬಲ್ಲ ಅವರಿಗೆ, ಅವಳು ನಿಂತಲ್ಲೇ ಬಗ್ಗಿ ಮೌಸ್ ಹಿಡಿದು ಆ ಪಾಠವನ್ನೂ ದಾಟಿಬಿಟ್ಟಾಗ ಇರುಸುಮುರುಸಾಗುತ್ತಿತ್ತು.

“ಕೂತ್ಕೊಂಡು ಮಾಡು ಮಾರಾಯ್ತಿ,” ಎನ್ನುವರು.

“ಕೂತ್ರೆ ಕೊನೇ ಬೆಂಚು ಕಾಣಲ್ಲ ಸಾರ್.”

ಎರಡು ಸಾವಿರದ ಎರಡನೇ ಇಸವಿಯಲ್ಲಿ, ಪರೀಕ್ಷೆಯ ಒಂದು ಪಾಠವನ್ನು ಕಂಪ್ಯೂಟರಿನಲ್ಲೇ ಮಾಡಬೇಕೆಂದು ಕಾಲೇಜು ಹೇಳಿತು. ಆ ಅಂಕ ಕೈಕೊಟ್ಟರೆ ಸರ್ಕಾರಿ ಶಾಲೆಯ ನೇಮಕದ ಪಟ್ಟಿಯಲ್ಲಿ ಹೆಸರಿಲ್ಲ. ಅಪ್ಪ ಕೆಲಸ ಬಿಟ್ಟು ಕೂತಿದ್ದ ಮನೆಗೆ ಆ ಹೆಸರೇ ಆಸರೆ. ಯಶೋಧರಾ ರಕ್ತಪರಿಚಲನೆಯ ಪಾಠ ಆರಿಸಿಕೊಂಡು, ಪರದೆಯ ಮೇಲೆ ಉಬ್ಬಿ ಕುಗ್ಗುವ ಹೃದಯವೊಂದನ್ನು ವಾರಗಟ್ಟಲೆ ಹೆಣಗಿ ಸಿದ್ಧಪಡಿಸಿದಳು. ಅಂಥದ್ದು ಷಣ್ಮುಖಪ್ಪನವರಿಗೂ ಬರುತ್ತಿರಲಿಲ್ಲ.

ಪರೀಕ್ಷೆಯ ದಿನ ಅವಳ ಪಾಠ ಕೇಳಲು ಆಲ್ಕೊಳದ ಶಾಲೆಯ ಮಕ್ಕಳು ಕೋಣೆಯ ತುಂಬ ಕೂತರು. ಇದ್ದದ್ದು ಒಂದೇ ಪರದೆ, ಅದೂ ಊಟದ ತಟ್ಟೆಯಷ್ಟಗಲ. ಹೊರಗಿನಿಂದ ಬಂದ ಪರೀಕ್ಷಕರೆದುರು ಯಶೋಧರಾ ಕುರ್ಚಿಯ ಅಂಚಿನಲ್ಲಿ ಕೂತೇಬಿಟ್ಟಳು; ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಮೊದಲ ಸಾಲು ಬಾಯಿ ತೆರೆದು ಹೃದಯವನ್ನು ನೋಡಿತು, ಹಿಂದಿನ ಸಾಲುಗಳು ಮುಂದಿನವರ ಜಡೆ ನೋಡಿದವು. ಅವಳ ಪಾದ ಮೇಜಿನಡಿ ಚಡಪಡಿಸಿತು. ಎದ್ದಳು.

“ಏಳ್ರಿ ಎಲ್ರೂ. ನೀವೇ ರಕ್ತ. ಹೃದಯ ಇಲ್ಲಿದೆ, ಇದನ್ನ ನೋಡ್ಕೊಂಡು ಸುತ್ತು ಹಾಕ್ಬೇಕು. ಯಾರೂ ನಿಲ್ಲಂಗಿಲ್ಲ.”

ಮಕ್ಕಳು ಕೊನೆಯ ಬೆಂಚಿನಿಂದ ಹೊರಟು, ಪರದೆಯ ಮುಂದೆ ಹಾದು, ಗೋಡೆಗುಂಟ ಮರಳಿ, ನಗುತ್ತ, ನೂಕಾಡುತ್ತ ಹರಿದರು. ಪರೀಕ್ಷಕರು ಅಂಕ ಕಳೆದು, ಶಿಸ್ತಿಲ್ಲವೆಂದು ಬರೆದರು.

“ಎಲ್ಲಾ ಮಕ್ಳೂ ನೋಡಿದ್ರಲ್ಲ ಸ್ವಾಮಿ,” ಎಂದರು ಷಣ್ಮುಖಪ್ಪ.

“ನೋಡಿದ್ರು. ಕೂತು ನೋಡ್ಲಿಲ್ಲ.”

ಆ ವರ್ಷದ ಪಟ್ಟಿಯಲ್ಲಿ ಯಶೋಧರೆಯ ಹೆಸರು ಬರಲಿಲ್ಲ. ಕುಂಸಿಯ ಖಾಸಗಿ ಶಾಲೆಯೊಂದಕ್ಕೆ ಸೇರುತ್ತಿದ್ದೇನೆಂದು ಹೇಳಲು ಬಂದವಳಿಗೆ ಮೇಷ್ಟ್ರು ಕುರ್ಚಿ ತೋರಿಸಿದರು. ಅವಳ ಕಣ್ಣು ಕೆಂಪಾಗಿತ್ತು, ಆದರೆ ಕೂರಲಿಲ್ಲ.

“ಕೊನೇ ಬೆಂಚಿನೋರಿಗೆ ಕಂಡಿತ್ತಲ್ಲ ಸಾರ್? ಆಯ್ತಲ್ಲ, ಮುಂದೆ?”

ಇಂಥವರು ಎಲ್ಲ ಕಾಲದಲ್ಲೂ ಒಬ್ಬಿಬ್ಬರಿರುತ್ತಾರೆ. ಹೊಸ ಯಂತ್ರ ಬಂದಾಗ ನಾವೆಲ್ಲ ಅದರ ಮುಂದೆ ಕೂರುವುದನ್ನು ಕಲಿತು ಜಾಣರಾಗುತ್ತೇವೆ. ಇವರು ಅದು ಯಾರಿಗೆ ಕಾಣುತ್ತಿಲ್ಲವೆಂದು ತಿರುತಿರುಗಿ ನೋಡುತ್ತ ನಿಂತೇ ಇರುತ್ತಾರೆ. ಪಟ್ಟಿಯಲ್ಲಿ ಹೆಸರು ಬರುವುದು ಮಾತ್ರ ಕೂತವರದ್ದು.