ಶೇಖಪ್ಪನ ಖಾತ್ರಿ

ಪ್ರೇಮವ್ವನ ಪಡಸಾಲೆಯಲ್ಲಿ ಆಗಲೇ ಎರಡು ಸಲ ಚಹಾ ಆಗಿತ್ತು. ಶೇಖಪ್ಪ ಮಾತ್ರ ಷೇರಿನ ಸುದ್ದಿಯನ್ನೇ ಎತ್ತಿರಲಿಲ್ಲ. ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿ, ಸೊಸೆಯ ಬಾಣಂತನ, ಕೆಟ್ಟು ಕೂತ ಪಂಪು ಎಲ್ಲವನ್ನೂ ಆರಾಮಾಗಿ ವಿಚಾರಿಸುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಜಾಹೀದಾಳಿಗೆ ತಡೆಯಲಾಗದ ಕುತೂಹಲ. ಈ ಮನುಷ್ಯ ಮಾರುವುದು ಯಾವಾಗ?

ರಾಣೆಬೆನ್ನೂರಿನ ಷೇರು ಕಚೇರಿಯಲ್ಲಿ ಮಾರಾಟದವರನ್ನು ಆರಿಸುವುದು, ಕಲಿಸುವುದು, ಅವರ ಗುಣದೋಷಗಳನ್ನು ಬೆಂಗಳೂರಿಗೆ ಬರೆದು ತಿಳಿಸುವುದು ಜಾಹೀದಾಳ ಕೆಲಸ. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಷೇರು ಅಂದರೆ ಚಹಾದಂಗಡಿಯಲ್ಲೂ ಕಿವಿ ನಿಮಿರುತ್ತಿದ್ದವು. ಆದರೆ ಕೈ ಬಿಚ್ಚುವವರು ಕಡಿಮೆ. ಬಿ.ಕಾಂ. ಓದಿದ ಮಹಮ್ಮದ್ ಹನೀಫ್ ಕಂಪನಿಯ ಜಾತಕವನ್ನೇ ಬಿಡಿಸಿಟ್ಟು ಬರಿಗೈಯಲ್ಲಿ ಮರಳುತ್ತಿದ್ದ. ಹಾವೇರಿಯ ದನದ ಸಂತೆಯಲ್ಲಿ ದಲಾಲಿ ಮಾಡಿಕೊಂಡಿದ್ದ ಶೇಖಪ್ಪ, ಕೆಲಸಕ್ಕೆ ಸೇರಿ ವರ್ಷವಾಗುವಷ್ಟರಲ್ಲಿ ಹೋದಲ್ಲೆಲ್ಲ ಅರ್ಜಿ ತುಂಬಿಸಿಕೊಂಡು ಬರುತ್ತಿದ್ದ. ಒಳ್ಳೆಯ ಮಾರಾಟಗಾರನಿಗೆ ಇರಬೇಕಾದ ಮೂಲ ಸಾಮರ್ಥ್ಯಗಳು ಯಾವುವು ಎಂದು ಮುಖ್ಯ ಕಚೇರಿ ಕೇಳಿತ್ತು. ಅವನ್ನು ಶೇಖಪ್ಪನಲ್ಲಿ ಕಣ್ಣಾರೆ ಕಂಡು ಉಳಿದವರಿಗೆ ಕಲಿಸಿಬಿಡಬೇಕೆಂಬ ಹುಮ್ಮಸ್ಸಿನಲ್ಲಿ ಅವಳು ಮೋಟೆಬೆನ್ನೂರಿನವರೆಗೆ ಬಂದಿದ್ದಳು.

ಕೊನೆಗೆ ಪ್ರೇಮವ್ವನೇ ಕೇಳಿದಳು. "ಹೊಸಾದು ಏನರ ತಂದೀಯೇನ ಶೇಖಪ್ಪಾ?"

"ತಂದೇನಿ ಪ್ರೇಮಕ್ಕ. ಬಟ್ಟಿ ಮಿಲ್ಲಿಂದು." ಚೀಲದಿಂದ ಅರ್ಜಿ ತೆಗೆದ. "ಹೋದ ವರ್ಷದ ಷೇರಿನಾಂಗ ಇದಕ್ಕೂ ಅದ ಮಾತು. ನೊಗಕ್ಕ ಕಟ್ಟಿ ನೋಡು. ನಡೀತಂದ್ರ ನಿಂದು. ಕೂತ್ತಂದ್ರ ನನ್ನ ಹಂತ್ಯಾಕ ಹೊಡಕೊಂಡು ಬಾ, ನಾ ವಾಪಸ್ ತಗೋತೇನಿ."

ಪ್ರೇಮವ್ವ ಕನ್ನಡಕ ಹುಡುಕಲು ಒಳಗೆ ಹೋದಳು. ಜಾಹೀದಾ ಎದ್ದು ಶೇಖಪ್ಪನನ್ನು ಅಂಗಳಕ್ಕೆ ಕರೆದಳು.

"ಇದೇನ್ರೀ ಶೇಖಪ್ಪನವರ, ವಾಪಸ್ ತಗೋತೇನಿ ಅಂದ್ರ?"

ಅವನಿಗೆ ಪ್ರಶ್ನೆಯೇ ತಿಳಿಯಲಿಲ್ಲ. "ಸಂತ್ಯಾಗ ಹಂಗಲ್ರೀ ಮೇಡಂ ಪದ್ಧತಿ. ಕಟ್ಟಿ ನೋಡದ ಎತ್ತು ಯಾರು ತಗೋತಾರ? ನಡೀದ ಕೂತ್ಬಿಡೂ ಎತ್ತಾದ್ರ ದಲಾಲಿ ಮಾಡಿದಾಂವ ಮುಂದ ನಿಂತು ವಾಪಸ್ ಕೊಡಸಬೇಕು."

"ಎತ್ತಿನ ಹಲ್ಲು ನೋಡಿರ್ತೀರಿ, ನಡಿಗಿ ನೋಡಿರ್ತೀರಿ. ಈ ಮಿಲ್ಲು ಎಲ್ಲೈತಿ ಅಂತರ ಗೊತ್ತೈತೇನು?"

"ಗುಜರಾತ್ ಕಡೆ ಅಂತ್ರಿ."

"ಬೆಲಿ ಬಿತ್ತಂದ್ರ?"

"ನಂದು ಹೊಲ ಐತಲ್ರೀ."

ಅವನ ದನಿಯಲ್ಲಿ ದೊಡ್ಡಸ್ತಿಕೆಯೇನೂ ಇರಲಿಲ್ಲ. ಎಷ್ಟು ಮಂದಿಗೆ ಹೀಗೆ ಹೇಳಿದ್ದೀರಿ ಎಂದು ಜಾಹೀದಾ ಕೇಳಿದರೆ, ಎಲ್ಲರಿಗೂ ಎಂದ. ಇಷ್ಟು ದಿನ ತಾನು ಹುಡುಕುತ್ತಿದ್ದ ಗುಟ್ಟು ಇದೇನಾ ಎಂದು ಅವಳಿಗೆ ನಗುವೂ ಬಂತು, ಹೆದರಿಕೆಯೂ ಆಯಿತು.

"ನೋಡ್ರಿ, ಇದನ್ನ ನಾ ಬರದ್ರ ನಿಮ್ಮ ಕೆಲಸ ಹೋಗ್ತದ. ಸುಮ್ಮನಿದ್ರ ಒಂದಿನ ನಿಮ್ಮ ಹೊಲಾನ ಹೋಗ್ತದ. ಒಳಗ ಹೋಗಿ ಆ ಮಾತು ಹಿಂದಕ್ಕ ತಗೋರಿ. ಹಿಂಗ ಎಲ್ಲಾರ ಮನೀಗೂ ಹೋಗೂಣು. ಆಮ್ಯಾಲೆ ನಾ ಬೆಂಗಳೂರಿಗೆ ಏನೂ ಬರಿಯೂದಿಲ್ಲ."

ಶೇಖಪ್ಪ ಬಗ್ಗಿ, ಚೆದುರಿದ್ದ ಎರಡು ಮೆಣಸಿನಕಾಯಿಗಳನ್ನು ಉಳಿದವುಗಳ ಜೊತೆ ಸೇರಿಸಿದ. ಆಮೇಲೆ ಒಳಗೆ ಹೋಗಿ, ಕೂರದೇ ಹೇಳಿದ.

"ಪ್ರೇಮಕ್ಕ, ಕೂತ್ರ ನಾ ವಾಪಸ್ ತಗೋತೇನಿ ಅಂದಿದ್ನಲ್ಲಾ, ಅದು ತಪ್ಪಾತು. ಷೇರು ಏರಬಹುದು, ಇಳೀಬಹುದು. ಅದು ನನ್ನ ಕೈಯಾಗಿಲ್ಲ."

ಪ್ರೇಮವ್ವ ಕನ್ನಡಕ ತೆಗೆದು ಜಾಹೀದಾಳತ್ತ ತಿರುಗಿದಳು. "ಹಂಗಾರ ಅದು ಕೂತ್ರ ಎಬ್ಬಸಾವ್ರು ಯಾರು ತಂಗಿ?"

ಸುಳ್ಳು ಹೇಳಲು ಜಾಹೀದಾಳಿಗೆ ನಾಲಿಗೆ ಹೊರಳಲಿಲ್ಲ. "ಯಾರೂ ಇಲ್ರೀ" ಎಂದಳು.

"ಹೊಸಾದು ಬ್ಯಾಡ ಬಿಡು" ಎಂದು ಪ್ರೇಮವ್ವ ಅರ್ಜಿಯನ್ನು ಶೇಖಪ್ಪನ ಕೈಗಿಟ್ಟಳು. "ಹಳೇದಕ್ಕ ನೀ ಕೊಟ್ಟ ಮಾತು ನಾ ಬಿಟ್ಟೇನಿ. ಮನಸ್ಸಿಗೆ ಹಚ್ಕೋಬ್ಯಾಡೋ."

ಇಷ್ಟು ಸಲೀಸಾಗಿ ಬಗೆಹರಿಯಿತಲ್ಲ ಎಂದು ಜಾಹೀದಾಳಿಗೆ ಸಮಾಧಾನವಾಯಿತು. ಕೆಲಸ ಉಳಿಯಿತು, ಹೊಲವೂ ಉಳಿಯಿತು. ಅಲ್ಲಿಂದ ಮುಂದಿನ ಓಣಿಯ ಹುಸೇನಬಿಯ ಮನೆಗೆ ಹೋದರು; ಆಕೆ ಹೊಸ ಗಿರಾಕಿ, ತಾನಾಗಿಯೇ ಹೇಳಿಕಳಿಸಿದವಳು. ಆಡು ಕಟ್ಟುತ್ತಿದ್ದ ಆಕೆ ನಗುತ್ತ ಚಾಪೆ ಹಾಸಿದಳು. ಶೇಖಪ್ಪ ಆಡಿನ ಕಡೆ ಕಣ್ಣೆತ್ತಲಿಲ್ಲ, ಮಕ್ಕಳನ್ನು ಕೇಳಲಿಲ್ಲ. ಏರಬಹುದು, ಇಳಿಯಬಹುದು, ನಷ್ಟವಾದರೆ ನಾವು ಹೊಣೆಯಲ್ಲ ಎಂದು ಕಚೇರಿ ಕಲಿಸಿದ್ದನ್ನು ಕಲಿಸಿದಂತೆಯೇ ಒಪ್ಪಿಸಿ, ಚಹಾ ಬರುವ ಮೊದಲೇ ಮುಗಿಸಿಬಿಟ್ಟ. ಥೇಟ್ ಹನೀಫನೇ ಬಂದು ಕೂತಂತಿತ್ತು. ಹುಸೇನಬಿ ಮರ್ಯಾದೆಯಿಂದ ಎಲ್ಲವನ್ನೂ ಕೇಳಿಸಿಕೊಂಡು, ಮಗ ಬಂದ ಮೇಲೆ ತಿಳಿಸುತ್ತೇನೆ ಎಂದಳು.

ಉಳಿದ ಮನೆಗಳನ್ನು ಇನ್ನೊಂದು ದಿನಕ್ಕೆ ಬಿಟ್ಟು ಹೆದ್ದಾರಿಯ ಪಕ್ಕ ಬಸ್ಸಿಗೆ ಕಾಯುತ್ತ ನಿಂತಾಗ ಜಾಹೀದಾ ಸಮಾಧಾನ ಹೇಳಲು ನೋಡಿದಳು. "ಮೊದಲನೇ ಸಲ ಹಂಗ ಆಗ್ತದ. ರೂಢಿ ಆದ್ರ ಬರ್ತದ್ರಿ."

"ಖರೇ ಹೇಳ್ರಿ ಮೇಡಂ. ನಾ ಈಗ ಹೇಳಿದ್ನಲ್ಲಾ, ಅದನ್ನ ಕೇಳಿ ನೀವು ತಗೋತಿದ್ರೇನು?"

ಲಾರಿಯೊಂದು ಧೂಳೆಬ್ಬಿಸಿ ಹೋಯಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಇಲ್ರೀ."

ಶೇಖಪ್ಪ ಕೋಪ ಮಾಡಿಕೊಳ್ಳಲಿಲ್ಲ. ಹೌದಲ್ಲ ಎನ್ನುವಂತೆ ತಲೆಯಾಡಿಸಿದ. ಬಸ್ಸು ಬಂದಾಗ ಅವಳನ್ನು ಹತ್ತಿಸಿ, ಕಚೇರಿಯ ಚೀಲವನ್ನು ಕಿಟಕಿಯೊಳಗೆ ಕೊಟ್ಟ.

"ನೀವು ಹತ್ತೂದಿಲ್ಲೇನ್ರೀ?"

"ಉಳಿದ ಮನೀಗೊಳಿಗೆ ನಾನ ಹೋಗಿ ಹೇಳಿ ಬರ್ತೇನ್ರಿ. ಅದಕ್ಕ ಚೀಲ ಯಾಕ? ಗುರುವಾರ ಹಾವೇರಿ ಸಂತಿ ಐತಿ, ಅಲ್ಲಿಗೆ ಹೋಗಾಂವ. ಆಫೀಸಿನ್ಯಾಗ ನನ್ನ ದಾರಿ ನೋಡಬ್ಯಾಡ್ರಿ."

ಜಾಹೀದಾ ಏನೋ ಹೇಳುವಷ್ಟರಲ್ಲಿ ಬಸ್ಸು ಕದಲಿತು. ಶೇಖಪ್ಪ ವಲ್ಲಿಬಟ್ಟೆ ಕೊಡವಿ ಹೆಗಲಿಗೆ ಹಾಕಿಕೊಂಡು ಊರ ಕಡೆ ಹೊರಳಿದ್ದ. ತನ್ನದೂ ಅವನದೂ ಎರಡು ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳನ್ನು ಕಂಡಕ್ಟರ್ ಕೇಳಿದ.

"ಎಷ್ಟ್ರೀ?"

"ರಾಣೆಬೆನ್ನೂರು" ಎಂದಳು. ಅವನು ಮತ್ತೆ ಕೇಳಿದ ಮೇಲೆ, "ಒಂದು."